ಒಂದು ತೊಟ್ಟೂ ಸೋರದ ಬಾಗಿಲು

ಅತ್ತಿಗೆಯ ಸುದ್ದಿ ಆ ಮನೆಗೆ ಮೊದಲು ಬಂದದ್ದು ಒಂದು ಬಕೆಟ್ಟಿನ ಜೊತೆಗೆ. ನಾದಿನಿ ಆಗಿನ್ನೂ ಯಾರಿಗೂ ನಾದಿನಿಯಾಗಿರಲಿಲ್ಲ. ಅಂಗಳದಲ್ಲಿ ಬಟ್ಟೆ ಹಿಂಡುತ್ತ ನಿಂತಿದ್ದ ಮನೆಮಗಳು. ಅಣ್ಣ ತನ್ನ ಹಳೇ ಪಿಕಪ್ ಗಾಡಿಯನ್ನು ಗೇಟಿನೊಳಗೆ ತಂದು ನಿಲ್ಲಿಸಿ, ತಳ ಕಿತ್ತುಹೋಗಿದ್ದ ಬಕೆಟ್ಟನ್ನು ಹೊಸ ತಳದೊಂದಿಗೆ ಹೊತ್ತು ತಂದ. ಬಂದವನೇ ನಲ್ಲಿ ಬಿಟ್ಟು ಅದನ್ನು ತುಂಬಿಸಿದ. ನೆಲಕ್ಕೆ ಹಳೇ ಪೇಪರು ಹಾಸಿ, ಬಕೆಟ್ಟನ್ನು ಅದರ ಮೇಲಿಟ್ಟು, ಎದುರಿಗೆ ಕುಕ್ಕರಗಾಲಲ್ಲಿ ಕೂತ.

"ಏನೋ ಅದು, ಬಕೆಟ್ಟಿಗೆ ಕಾವಲು ಕೂತಿದ್ದೀಯ?" ಎಂದಳು ಅಮ್ಮ ಅಡುಗೆಮನೆಯ ಕಿಟಕಿಯಿಂದ.

"ನೋಡಮ್ಮ, ಪೇಪರು ಒಂಚೂರೂ ಒದ್ದೆಯಾಗಿಲ್ಲ. ತಗಡಿನಂಗಡಿ ಹುಡುಗಿ ಹಾಕಿದ ತಳ ಇದು. ಅವರಪ್ಪ ಅಲ್ಲ, ಅವಳೇ."

"ಚೆನ್ನಾಗಿರೋದು ಬಕೆಟ್ಟೋ ಹುಡುಗಿಯೋ?"

ಅಣ್ಣನ ಕಿವಿ ಕೆಂಪಗಾದವು. ಅಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ಮೂರು ಹೊತ್ತೂ ತಗಡು ಬಡಿಯೋರ ಮನೆ. ಹುಡುಗಿಗೆ ಕಿವಿ ಕೇಳುತ್ತೋ ಇಲ್ಲವೋ, ಹಿಂದಿನಿಂದ ಒಂದು ಸಲ ಕೂಗಿ ನೋಡಿದ್ಯಾ?"

"ಕೇಳದಿದ್ರೆ ನಿನಗೇ ಒಳ್ಳೇದಲ್ವಾ ಅಮ್ಮ, ನೀನು ಎಷ್ಟು ಬೈದ್ರೂ ಮನೆ ತಣ್ಣಗಿರುತ್ತೆ" ಎಂದಳು ಮಗಳು. ಸೌಟು ಅವಳ ಕಡೆಗೂ ಒಮ್ಮೆ ಬೀಸಿತು.

ಕಿವಿ ಕೇಳುತ್ತಿತ್ತು. ಸೋರುವ ಪಾತ್ರೆಯನ್ನು ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ತಟ್ಟಿದರೆ ಸಾಕು, ಬಿರುಕು ಎಲ್ಲಿದೆ ಎಂದು ಹೇಳಬಲ್ಲ ಕಿವಿ ಅದು. ಅವಳ ಅಪ್ಪನನ್ನು ಬೀದಿಯವರೆಲ್ಲ ಸೋರದಯ್ಯ ಎಂದೇ ಕರೆಯುತ್ತಿದ್ದರು. ಒಂದೇ ಷಟರಿನ ಅಂಗಡಿ. ಬಕೆಟ್ಟು, ಡಬ್ಬ, ಗಿಡಕ್ಕೆ ನೀರು ಹಾಕುವ ಜಾರಿ, ಏನೇ ಮಾಡಿದರೂ ನೀರು ತುಂಬಿಸಿ ಒಣ ಪೇಪರಿನ ಮೇಲಿಟ್ಟು ನೋಡದೆ ಗಿರಾಕಿಯ ಕೈಗೆ ಕೊಟ್ಟವನಲ್ಲ. ಪೇಪರಿನ ಮೇಲೆ ಸಾಸಿವೆಯಷ್ಟು ಕಲೆ ಬಿದ್ದರೂ ಬೆಸುಗೆ ಬಿಡಿಸಿ ಮತ್ತೆ ಹಾಕುತ್ತಿದ್ದ. ಗಂಡು ಮಕ್ಕಳಿರಲಿಲ್ಲ. ಅಂಗಡಿಯನ್ನು ಮಗಳು ನೋಡಿಕೊಳ್ಳಬೇಕೆಂಬುದು ಅವನ ಆಸೆ. ಮಗಳ ಆಸೆಯೂ ಅದೇ, ಅದೊಂದೇ. ಅಪ್ಪ ಕೂರುವ ಮರದ ಮಣೆಯ ಮೇಲೆ ತಾನು ಕೂರಬೇಕು, ಜನ ತನ್ನನ್ನು ಕೇಳಿಕೊಂಡು ಬರಬೇಕು.

ಮದುವೆಯ ಮಾತಿಗೆ ಕೂತ ದಿನವೇ ಸೋರದಯ್ಯ ಇದನ್ನು ನೇರವಾಗಿ ಹೇಳಿದ್ದ. "ನನ್ನ ಕಣ್ಣು ಮಂಜಾಗೋ ಹೊತ್ತಿಗೆ ಅಂಗಡಿ ಇವಳ ಕೈಯಲ್ಲಿರಬೇಕು. ಒಪ್ಪಿಗೆ ಇದ್ರೆ ಮಾತು ಮುಂದುವರಿಸೋಣ."

"ಅದಕ್ಕೇನು ಮಾವ, ಧಾರಾಳವಾಗಿ!" ಎಂದ ಅಣ್ಣ. "ನನ್ನ ಗಾಡಿ ಬಾಗಿಲಿಗೆ ತುಕ್ಕು ಹಿಡಿದಿದೆ. ಅದೊಂದನ್ನ ಸರಿ ಮಾಡಿಕೊಟ್ಟುಬಿಡಲಿ. ಆಮೇಲೆ ದಿನಾ ನಾನೇ ಕರ್ಕೊಂಡು ಬಂದು ಅಂಗಡಿ ಮುಂದೆ ಇಳಿಸ್ತೀನಿ."

ಎಲ್ಲರೂ ನಕ್ಕರು. ಅತ್ತಿಗೆಯೂ ನಕ್ಕಳು. ಒಂದು ಬಾಗಿಲು ಅವಳಿಗೆ ಎಷ್ಟರ ಕೆಲಸ?

ಅಣ್ಣ ಕೆಟ್ಟವನೆಂದು ಯಾರೂ ಹೇಳಲಾರರು. ಮನೆ ಸಾಮಾನು, ಸಿಮೆಂಟು, ತರಕಾರಿ ಬುಟ್ಟಿ, ಯಾರು ಏನು ಹೇರಿದರೂ ಹೊತ್ತೊಯ್ಯುತ್ತಿದ್ದ. ಕುಡಿತವಿಲ್ಲ, ಕೈ ಎತ್ತಿದವನಲ್ಲ. ಅವನಿಗಿದ್ದ ಒಂದೇ ಹುಚ್ಚೆಂದರೆ ಆ ಗಾಡಿ. ಹಿಂದೊಮ್ಮೆ ಒಂದು ಗ್ಯಾರೇಜಿನವನು ಒಳ್ಳೆಯ ಸಾಮಾನು ಬಿಚ್ಚಿಕೊಂಡು ಹಳೆಯದನ್ನು ಹಾಕಿ ಕಳಿಸಿದ್ದನಂತೆ. ಅಂದಿನಿಂದ ಹೊರಗಿನವರ ಕೈ ಗಾಡಿಗೆ ತಾಗಬಾರದು. ಸಂಜೆ ಬಂದವನು ತಾನು ಕೈಕಾಲು ತೊಳೆಯುವ ಮೊದಲು ಗಾಡಿಗೆ ಸ್ನಾನ ಮಾಡಿಸುತ್ತಿದ್ದ, ಕೊಡಗಟ್ಟಲೆ ನೀರು ಎರಚಿ.

ಮದುವೆಯಾಗಿ ಬಂದ ಅತ್ತಿಗೆ ಮೊದಲ ಸಲ ಆ ಬಾಗಿಲನ್ನು ಕಳಚಿ ಅಂಗಳದ ಕಲ್ಲಿಗೆ ಒರಗಿಸಿದಾಗ ಅದರ ಕೆಳಭಾಗ ನೆನೆದ ರಸ್ಕಿನಂತೆ ಬೆರಳಿಗೇ ಪುಡಿಯಾಯಿತು. ಕೊಳೆತಷ್ಟನ್ನೂ ತಗಡು ಕತ್ತರಿಯಲ್ಲಿ ಕತ್ತರಿಸಿ ತೆಗೆದಳು. ರಟ್ಟಿನ ಪೆಟ್ಟಿಗೆ ಹರಿದು ತೂತಿನ ಅಳತೆಗೆ ಕತ್ತರಿಸಿ, ಅದನ್ನು ಎಣ್ಣೆ ಡ್ರಮ್ಮಿನ ತಗಡಿನ ಮೇಲಿಟ್ಟು ಮೊಳೆಯಲ್ಲಿ ಗೆರೆ ಎಳೆದಳು. ಮರಳಿನ ಚೀಲದ ಮೇಲೆ ಮರದ ಕೊಡತಿಯಲ್ಲಿ ತಟ್ಟಿ ತಟ್ಟಿ, ಬಾಗಿಲಿನ ಹೊಟ್ಟೆ ಎಷ್ಟು ಉಬ್ಬಿತ್ತೋ ಅಷ್ಟೇ ಉಬ್ಬು ತಂದಳು. ನಾದಿನಿಯ ಕೈಗೆ ಅಂಗೈಯಗಲದ ಒಂದು ಕಬ್ಬಿಣದ ಗಟ್ಟಿ ಕೊಟ್ಟು, "ಒಳಗಡೆಯಿಂದ ಒತ್ತಿ ಹಿಡ್ಕೋ ಹುಡುಗಿ. ನಾನು ಹೊರಗೆ ಎಲ್ಲಿ ಬಡೀತೀನೋ ಅಲ್ಲೇ ನಿನ್ನ ಕೈ ಇರಬೇಕು" ಎಂದಳು.

"ಕಾಣೋದೇ ಇಲ್ವಲ್ಲ ಅತ್ತಿಗೆ, ನೀವು ಎಲ್ಲಿ ಬಡೀತೀರ ಅಂತ ನನಗೆ ಹೇಗೆ ಗೊತ್ತಾಗಬೇಕು?"

"ಕೈಗೆ ಗೊತ್ತಾಗುತ್ತೆ. ತಲೆಗೆ ಹೇಳಬೇಡ, ಅದು ತಡ ಮಾಡುತ್ತೆ."

ನಾಲ್ಕಾರು ಏಟಿನಲ್ಲಿ ನಿಜವಾಗಿಯೂ ಕೈಗೆ ಗೊತ್ತಾಯಿತು. ಆಚೆ ಸುತ್ತಿಗೆ ಸರಿದ ಕಡೆಗೆ ಈಚೆ ಗಟ್ಟಿ ತಾನೇ ಸರಿಯಿತು. ಅತ್ತಿಗೆ ಬಾಗಿಲಿನ ಮೇಲಿಂದ ಇಣುಕಿ ಒಮ್ಮೆ ಅವಳ ಮುಖ ನೋಡಿದಳು.

ಬಾಗಿಲಿನ ತಳದ ಅಂಚಿನಲ್ಲಿ ಕಿರುಬೆರಳು ಹೋಗುವಷ್ಟು ಅಗಲದ ತೂತುಗಳು ಸಾಲಾಗಿದ್ದವು. ಅಣ್ಣ ಬಗ್ಗಿ ನೋಡಿ, "ಇದೇನೇ, ಹಳೇ ತೂತು ಇವೆಯಲ್ಲ?" ಎಂದ.

"ಮಾಡಿದೋರಿಗೆ ಬೇಸರ ಬಂದು ಹಾಗೇ ಬಿಟ್ಟಿರಬೇಕು. ನಮ್ಮಪ್ಪನ ಹತ್ರ ಆಗಿದ್ರೆ ತಲೆ ಮೇಲೆ ಕೊಡತಿ ಬೀಳ್ತಿತ್ತು" ಎಂದು ಅತ್ತಿಗೆ ಒಂದೊಂದಕ್ಕೂ ಬಿಲ್ಲೆಯಂಥ ತಗಡು ಕೂರಿಸಿ ಬೆಸೆದುಬಿಟ್ಟಳು. ಬಣ್ಣ ಹೊಡೆದು ಒಣಗಿಸಿದ ಮೇಲೆ, ಬಾಗಿಲನ್ನು ಹಳೇ ಪೇಪರಿನ ಮೇಲೆ ನೆಟ್ಟಗೆ ನಿಲ್ಲಿಸಿ, ಗಾಜು ಇಳಿಯುವ ಸಂದಿಯಿಂದ ಚೊಂಬಿನಲ್ಲಿ ನೀರು ಹೊಯ್ದಳು. ಗಾಡಿಯ ಬಾಗಿಲಿಗೆ ನೀರು ತುಂಬಿಸಿ ನೋಡಿದ ಹೆಂಗಸು ಲೋಕದಲ್ಲಿ ಅವಳೊಬ್ಬಳೇ ಇರಬೇಕು. ಮನೆಯವರೆಲ್ಲ ಸುತ್ತ ನಿಂತು ಪೇಪರು ನೋಡಿದರು. ಒಂದು ತೊಟ್ಟು ಇಳಿಯಲಿಲ್ಲ.

"ಇನ್ನು ಇದರಲ್ಲಿ ಸಾರು ಕಾಯಿಸಬಹುದು" ಎಂದಳು ಅಮ್ಮ. ಅತ್ತೆ ಸೊಸೆಯನ್ನು ಹೊಗಳಿದ್ದು ಅದೊಂದೇ ಸಲ ಎಂದು ನಾದಿನಿಗೆ ನೆನಪು.

ಆ ಬಾಗಿಲು ಮುಗಿಯುವಷ್ಟರಲ್ಲಿ ಆಚೆ ಬದಿಯ ಬಾಗಿಲು ಉಬ್ಬಿತ್ತು. ಅದನ್ನು ಮುಗಿಸಿದರೆ ಕಾಲಿಡುವ ಮೆಟ್ಟಿಲಿನ ಕೆಳಗಿನ ಪೆಟ್ಟಿಗೆ, ಆಮೇಲೆ ಚಕ್ರದ ಮೇಲಿನ ಕಮಾನು, ಆಮೇಲೆ ಸರಕು ತುಂಬುವ ತೊಟ್ಟಿಯ ತಳ. ಒಂದು ಸುತ್ತು ಮುಗಿಯಿತು ಎನ್ನುವ ಹೊತ್ತಿಗೆ ಮೊದಲು ಮಾಡಿದ ಬಾಗಿಲಿನಲ್ಲೇ ಬಣ್ಣದ ಕೆಳಗೆ ಗುಳ್ಳೆ ಏಳುತ್ತಿತ್ತು. ಅತ್ತಿಗೆ ಹೆಬ್ಬೆರಳಲ್ಲಿ ಒತ್ತಿದರೆ ಬೆರಳು ಒಳಗೆ ಹೋಗುತ್ತಿತ್ತು. "ನನ್ನ ಬೆಸುಗೆ ಬಿಟ್ಟಿಲ್ಲ ನೋಡು" ಎನ್ನುತ್ತಿದ್ದಳು ನಾದಿನಿಗೆ, ಅರ್ಥವಾಗದೆ. "ಬೆಸುಗೆ ಹಾಗೇ ಇದೆ. ಪಕ್ಕದ ತಗಡೇ ತಿಂದುಹೋಗಿದೆ. ಎಲ್ಲೋ ಇನ್ನೂ ಒಂದು ಸಂದಿ ಉಳಿದಿರಬೇಕು." ಹುಡುಕಿ ಆ ಸಂದಿಯನ್ನೂ ಮುಚ್ಚುತ್ತಿದ್ದಳು.

ಪ್ರತಿ ಸಲವೂ ಅಣ್ಣನದು ಒಂದೇ ಮಾತು: "ಇದೊಂದು ಆಗ್ಲಿ ಕಣೇ, ಆಮೇಲೆ ಅಂಗಡಿಗೆ ಹೋಗುವೆಯಂತೆ. ಗಾಡಿ ನಿಂತ್ರೆ ಒಲೆ ನಿಲ್ಲುತ್ತೆ ತಾನೇ?" ನಿಜವೇ. ಆ ಮಾತನ್ನು ನುಂಗುವಂತಿಲ್ಲ, ಉಗುಳುವಂತಿಲ್ಲ.

ನಾದಿನಿ ಮದುವೆಯಾಗಿ ಹೋದಳು. ಗಂಡ ತೀರಿಕೊಂಡ ಮೇಲೆ ಟ್ರಂಕು ಹಿಡಿದು ಅದೇ ಮನೆಯ ಹಿಂದಿನ ಕೋಣೆಗೆ ಮರಳಿದಳು. ಅಷ್ಟರಲ್ಲಿ ಅಮ್ಮನೂ ತೀರಿಕೊಂಡಿದ್ದಳು. ಅತ್ತಿಗೆ ಅದೇ ಕಲ್ಲಿನ ಮೇಲೆ ಅದೇ ಬಾಗಿಲನ್ನು ಒರಗಿಸಿಕೊಂಡು ಉಪ್ಪುಕಾಗದದಲ್ಲಿ ಉಜ್ಜುತ್ತಿದ್ದಳು. ಎದ್ದು ಬಂದು ಅಪ್ಪಿಕೊಳ್ಳಲು ನೋಡಿ, ಮೈಯೆಲ್ಲ ತುಕ್ಕಿನ ಪುಡಿ ಇದ್ದದ್ದರಿಂದ ಹಿಂದೆ ಸರಿದಳು. "ಬಾ ಹುಡುಗಿ. ಈ ಗೇಟು ದಾಟಿ ಒಂದು ಸಲವಾದ್ರೂ ಹೋಗಿ ಬಂದೆಯಲ್ಲ, ನೀನೇ ವಾಸಿ" ಎಂದಳು. ಬೇರೆ ಯಾರಾದರೂ ಹೊಸದಾಗಿ ಗಂಡ ಸತ್ತವಳಿಗೆ ಈ ಮಾತು ಆಡಿದ್ದರೆ ನಾದಿನಿ ಆ ಮನೆಯ ಹೊಸಿಲು ತುಳಿಯುತ್ತಿರಲಿಲ್ಲ. ಅತ್ತಿಗೆ ಆಡಿದಳು, ಅವಳಿಗೆ ಅರ್ಥವಾಯಿತು.

ಅತ್ತಿಗೆಗೆ ಮಕ್ಕಳಾಗಿರಲಿಲ್ಲ. ಗಾಡಿಯೇ ನನ್ನ ಮಗು ಎನ್ನುತ್ತಿದ್ದ ಅಣ್ಣ. "ಮಗುವಾಗಿದ್ರೆ ಇಷ್ಟು ಹೊತ್ತಿಗೆ ದೊಡ್ಡದಾಗಿ ಮನೆ ಬಿಟ್ಟು ಹೋಗ್ತಿತ್ತು" ಎನ್ನುತ್ತಿದ್ದಳು ಅತ್ತಿಗೆ.

ಸೋರದಯ್ಯ ಒಮ್ಮೆ ತಾನೇ ಬಂದ, ಮಗಳನ್ನು ಕರೆದೊಯ್ಯಲು. ಕಣ್ಣು ಆಗಲೇ ಮಂಜಾಗಿತ್ತು. "ಸೂಜಿಯಂಥ ಬಿರುಕು ಕಾಣಲ್ಲ ಈಗ. ಬೆರಳಲ್ಲಿ ಸವರಿ ಸವರಿ ಎಷ್ಟು ದಿನ ದೂಡಲಿ?" ಎಂದ. ಅಳಿಯ ಅವನನ್ನು ಗಾಡಿಯ ಹತ್ತಿರ ಕರೆದುಕೊಂಡು ಹೋದ. ಮುದುಕ ಬಾಗಿಲಿನ ತಳವನ್ನು ಎರಡೂ ಕೈಯಲ್ಲಿ ಸವರಿದ, ಗೆಣ್ಣಿನಲ್ಲಿ ತಟ್ಟಿದ, ಬೆಸುಗೆಯ ಗೆರೆಯ ಮೇಲೆ ಉಗುರು ಎಳೆದ. ಮುಖ ಅರಳಿತು. "ಎಲ್ಲೂ ಒಂದು ತೂತಿಲ್ಲ! ಭೇಷ್ ಮಗಳೇ." ಬಂದ ಕೆಲಸವನ್ನೇ ಮರೆತವನಂತೆ, "ಪೂರ್ತಿ ಮುಗಿಸಿಯೇ ಬಾ, ಕೆಲಸ ಅರ್ಧಕ್ಕೆ ಬಿಡಬಾರದು" ಎಂದು ಹೇಳಿ ಹೊರಟುಹೋದ. ಗೇಟಿನ ತನಕ ಹೋಗಿ ಬಂದ ಅತ್ತಿಗೆ ಮತ್ತೆ ಉಪ್ಪುಕಾಗದ ಕೈಗೆತ್ತಿಕೊಂಡಳು.

ಗುಟ್ಟು ಬಿಚ್ಚಿದವನು ಗುಜರಿಯವನು. ಒಂದು ವಾರ ಹಿಡಿದ ಮಳೆ ಬಿಟ್ಟ ಬೆಳಿಗ್ಗೆ, ತಗಡಿನ ಚೂರುಗಳನ್ನು ತೂಕಕ್ಕೆ ಒಯ್ಯಲು ಬಂದಿದ್ದ. ದಾರಿಗೆ ಅಡ್ಡವಾಗಿ ತೆರೆದಿದ್ದ ಗಾಡಿಯ ಬಾಗಿಲನ್ನು ಸೊಂಟದಲ್ಲಿ ದೂಡಿ ಮುಚ್ಚಿದ. ಒಳಗಿನಿಂದ ಗುಳುಗುಳು ಸದ್ದು ಬಂತು. ಮತ್ತೆ ತೆರೆದ, ಮತ್ತೆ ಮುಚ್ಚಿದ. ಮತ್ತೆ ಗುಳುಗುಳು.

"ಅಕ್ಕ, ಇದು ಬಾಗಿಲೋ ಬಿಂದಿಗೆಯೋ?"

ಯಾರಾದರೂ ಬೇಡ ಎನ್ನುವ ಮೊದಲೇ ಒಂದು ದಪ್ಪ ಮೊಳೆ ಹಿಡಿದು ಬಾಗಿಲಿನ ತಳಕ್ಕೆ ಕಲ್ಲಿನಲ್ಲಿ ಒಂದು ಹೊಡೆತ ಕೊಟ್ಟ. ಕೆಂಪು ನೀರು ಅವನ ಪಾದದ ಮೇಲೆ ಸುರಿಯತೊಡಗಿತು, ನಿಲ್ಲುವ ಲಕ್ಷಣವೇ ಇಲ್ಲ.

"ಗಾಜಿನ ಸಂದಿಯಿಂದ ನೀರು ಇಳಿದೇ ಇಳಿಯುತ್ತೆ ಅಕ್ಕ, ಯಾವ ಗಾಡಿಗಾದ್ರೂ. ಹರಿದುಹೋಗಲಿ ಅಂತಾನೇ ಕೆಳಗೆ ತೂತು ಬಿಟ್ಟಿರ್ತಾರೆ. ಯಾವ ಪುಣ್ಯಾತ್ಮ ಮುಚ್ಚಿದ್ದು ಇದನ್ನ? ಒಳಗೆ ನೀರು ನಿಂತ್ರೆ ತಗಡು ಉಳಿಯುತ್ತಾ?"

ಅತ್ತಿಗೆಯ ಕೈಯಲ್ಲಿದ್ದ ಕೊಡತಿ ಹಾಗೇ ನಿಂತಿತ್ತು. "ನಾನೇ ಕಣಪ್ಪ ಆ ಪುಣ್ಯಾತ್ಮ" ಎಂದಳು.

ಗುಜರಿಯವನು ನಾಲಿಗೆ ಕಚ್ಚಿಕೊಂಡು ಚೀಲ ಹೆಗಲಿಗೇರಿಸಿ ಜಾಗ ಖಾಲಿ ಮಾಡಿದ. ಅತ್ತಿಗೆ ಮೆಟ್ಟಿಲಿನ ಮೇಲೆ ಕೂತು ನಗಲು ಶುರುಮಾಡಿದಳು. ಕೆಮ್ಮು ಬರುವ ತನಕ ನಕ್ಕಳು. "ನೀರು ಒಳಗೆ ಕೂತ್ಕೊಂಡು ತಿಂತಾ ಇತ್ತು ಹುಡುಗಿ, ನಾನು ಹೊರಗೆ ಕೂತ್ಕೊಂಡು ತೇಪೆ ಹಾಕ್ತಾ ಇದ್ದೆ. ಸೋರದಯ್ಯನ ಮಗಳಲ್ವಾ ನಾನು! ಬೇರೆ ಯಾವ ದಡ್ಡಿ ಮಾಡಿದ್ರೂ ಗಾಡಿ ಇಷ್ಟು ಕೆಡ್ತಿರಲಿಲ್ಲ. ಕೆಟ್ಟದಾಗಿ ಮಾಡಿದ್ರೆ ತಾನಾಗೇ ಸೋರಿ ಹೋಗ್ತಿತ್ತು."

ನಾದಿನಿ ಅವಳ ಬೆನ್ನು ಸವರಿದಳು. ನಗುವೋ ಅಳುವೋ ಕೈಗೆ ತಿಳಿಯಲಿಲ್ಲ.

ಆಮೇಲೆ ಅತ್ತಿಗೆ ಡ್ರಿಲ್ಲು ಹಿಡಿದು ತನ್ನದೇ ಬೆಸುಗೆಯನ್ನೆಲ್ಲ ಕೊರೆದಳು. ಬಾಗಿಲು, ಮೆಟ್ಟಿಲಿನ ಪೆಟ್ಟಿಗೆ, ತೊಟ್ಟಿಯ ಮೂಲೆ, ಎಲ್ಲಕ್ಕೂ ತಳದಲ್ಲಿ ದಾರಿ ಮಾಡಿದಳು. ಕೊಳೆತದ್ದನ್ನು ಕೊನೆಯ ಸಲ ಎಂದು ಹೇಳಿಕೊಂಡು ಬದಲಿಸಿದಳು. ಮುಂದಿನ ಮಳೆಗಾಲ ಪೂರ್ತಿ ಕಳೆಯಿತು, ಗುಳ್ಳೆ ಏಳಲಿಲ್ಲ. ಅವಳು ಹೋದಲ್ಲಿ ಬಂದಲ್ಲಿ ಹೆಬ್ಬೆರಳಲ್ಲಿ ಒತ್ತಿ ಒತ್ತಿ ನೋಡುತ್ತಿದ್ದಳು. ತಗಡು ಕಲ್ಲಿನಂತಿತ್ತು. ಆ ದಿನಗಳಲ್ಲಿ ಅವಳು ಬಟ್ಟೆ ಮಡಿಸುವಾಗಲೂ ಗುನುಗುತ್ತಿದ್ದಳು. ಹಗಲು ಒಬ್ಬಳೇ ಮನೆ ನೋಡಿಕೊಳ್ಳಲು ನಾದಿನಿಯನ್ನು ಒಪ್ಪಿಸಿಯೂ ಆಗಿತ್ತು.

ಒಂದು ದಿನ ಊಟಕ್ಕೆ ಕೂತಾಗ ಬಾಯಿಬಿಟ್ಟಳು. "ರೀ, ಗಾಡಿ ಆಯ್ತು."

"ಆಯ್ತಲ್ಲ! ಕನ್ನಡಿ ಹಾಗೆ ಆಯ್ತು. ಸ್ಟ್ಯಾಂಡಿನಲ್ಲಿ ಎಲ್ಲರೂ ಕೇಳೋರೇ."

"ನಾಳೆಯಿಂದ ಅಪ್ಪನ ಅಂಗಡಿಗೆ ಹೋಗ್ತೀನಿ."

ಅಣ್ಣ ತಟ್ಟೆಯಲ್ಲಿ ಬೆರಳಾಡಿಸಿದ. "ಹೋಗು, ಯಾರು ಬೇಡ ಅಂದ್ರು? ಆದ್ರೆ ಹಾಲಿನ ಗಾಡಿಯವನಿಗೆ ಮಾತು ಕೊಟ್ಟುಬಿಟ್ಟಿದ್ದೀನಿ. ಅವನದ್ದೂ ನಮ್ಮ ಗಾಡಿ ಹಾಗೇ ತುಕ್ಕು ಹಿಡಿದಿದೆಯಂತೆ. ನಾವೇ ಮಾಡಿಕೊಡ್ತೀವಿ ಅಂದೆ."

"ನಾವು ಅಂದ್ರೆ ಯಾರು ರೀ?"

"ನಾನು, ನೀನು… ಬೇರೆ ಯಾರಿದ್ದಾರೆ? ಮರ ಸಾಗಿಸೋನೂ ಕೇಳಿದ್ದಾನೆ. ಅಂಗಡಿ ಬೇಕು ಅಂಗಡಿ ಬೇಕು ಅಂತಿದ್ದೆಯಲ್ಲ, ಅಂಗಡಿನೇ ಮನೆಗೆ ಬಂತು ನೋಡು!"

ಅವನು ಖುಷಿಯಿಂದಲೇ ಹೇಳಿದ್ದ. ಹೆಂಡತಿಗೆ ದೊಡ್ಡದೊಂದು ಉಡುಗೊರೆ ತಂದವನ ಮುಖ ಅದು. ಅತ್ತಿಗೆ ಎದ್ದು ಕೈ ತೊಳೆದುಕೊಂಡಳು.

ಅಂಗಳಕ್ಕೆ ಹಾಲಿನ ಗಾಡಿ ಬಂತು, ಮರ ಸಾಗಿಸುವ ಗಾಡಿ ಬಂತು, ಯಾರ ಯಾರದೋ ಬಂತು. ಗೇಟು ಅರ್ಧವಷ್ಟೇ ತೆರೆಯುವಂತಾಯಿತು. ಹೊರಗೆ ಹೋಗಬೇಕಾದರೆ ಹೊಟ್ಟೆ ಎಳೆದುಕೊಂಡು ಅಡ್ಡಡ್ಡ ನುಸುಳಬೇಕು. ಅಡುಗೆಮನೆಯ ಕಿಟಕಿಗೆ ಒಂದು ಲಾರಿಯ ತೊಟ್ಟಿ ಒರಗಿ ನಿಂತು ಹಗಲಲ್ಲೂ ದೀಪ ಹಚ್ಚಬೇಕಾಯಿತು. ಬಟ್ಟೆ ಒಣಹಾಕುವ ತಂತಿ ಒಳಮನೆಗೆ ಬಂತು. ಅಣ್ಣ ಗೇಟಿಗೆ ಬೋರ್ಡು ಬರೆಸಿ ಕಟ್ಟಿದ, ತನ್ನ ಫೋನ್ ನಂಬರಿನ ಜೊತೆಗೆ. ಗಿರಾಕಿಗಳು ಗಾಡಿ ಒಯ್ಯಲು ಬಂದಾಗ ಅವನ ಬೆನ್ನು ತಟ್ಟಿ, "ಏನು ಕೈಯಪ್ಪ ನಿಮ್ಮದು!" ಎನ್ನುತ್ತಿದ್ದರು. ಅವನೂ ಒಂದು ದಿನವೂ ಸುಳ್ಳು ಹೇಳಿದವನಲ್ಲ. "ನಮ್ಮನೆಯವಳೂ ಸಹಾಯ ಮಾಡ್ತಾಳೆ" ಎನ್ನುತ್ತಿದ್ದ.

ಕೊನೆಗೊಮ್ಮೆ ಅತ್ತಿಗೆ ಯಾರನ್ನೂ ಕೇಳದೆ ಹೊರಗೆ ಹೋಗುವ ಬಟ್ಟೆ ಉಟ್ಟು ನಿಂತಳು. ನಾದಿನಿಯೂ ಜೊತೆಗೆ ಹೊರಟಳು. ಬಸ್ಸಿಳಿದು ಆ ಬೀದಿಗೆ ತಿರುಗಿದರೆ, ಒಂದೇ ಷಟರಿನ ಅಂಗಡಿಗೆ ನೀಲಿ ಬಣ್ಣ ಹೊಡೆದು ಮೊಬೈಲಿನ ಕವರುಗಳನ್ನು ಹೂವಿನ ಹಾಗೆ ತೂಗುಹಾಕಿದ್ದರು. ಅತ್ತಿಗೆ ಎದುರಿನ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತಳು, ಬಿಸಿಲಿಗೆ ದಣಿದವಳಂತೆ. ಆಮೇಲೆ ಇಬ್ಬರೂ ಹಿಂದಿನ ಓಣಿಯ ಮನೆಗೆ ಹೋದರು.

ಸೋರದಯ್ಯನಿಗೆ ಈಗ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಮಗಳ ಕೈ ಹಿಡಿದು ಅಂಗೈ ಸವರಿದ, ಗೆಣ್ಣುಗಳನ್ನು ಒತ್ತಿದ, ಸುಟ್ಟ ಕಲೆಗಳ ಮೇಲೆ ಬೆರಳು ಓಡಿಸಿದ. "ಕೈ ಪಳಗಿದೆ. ಅಳಿಯಂದ್ರು ಹೇಳಿದ್ರು, ನಿನ್ನದೇ ಅಂಗಡಿ ಆಗಿದೆಯಂತೆ, ಮನೆ ಮುಂದೇನೇ. ಗೇಟು ತೆಗೆಯೋಕೆ ಜಾಗ ಇಲ್ಲದಷ್ಟು ಗಿರಾಕಿ ಅಂತೆ. ಅದಕ್ಕೇ ನಮ್ಮ ಅಂಗಡೀನ ಧೈರ್ಯವಾಗಿ ಬಿಟ್ಟುಕೊಟ್ಟೆ ನಾನು. ಎಲ್ಲಾದ್ರೇನು, ನಿನ್ನ ಮಣೆ ನಿನಗೆ ಸಿಕ್ತಲ್ಲ."

ನಾದಿನಿ ಬಾಯಿ ತೆರೆಯಹೊರಟಳು. ಅತ್ತಿಗೆ ಅವಳ ತೊಡೆ ಚಿವುಟಿದಳು.

"ಹೌದಪ್ಪ" ಎಂದಳು. "ತುಂಬಾ ಗಿರಾಕಿ."

ಬಸ್ಸಿನಲ್ಲಿ ವಾಪಸು ಬರುವಾಗ ನಾದಿನಿ ತಡೆಯಲಾರದೆ ಕೇಳಿದಳು. "ಯಾಕೆ ಅತ್ತಿಗೆ ಹಾಗೆ ಹೇಳಿದ್ರಿ?"

"ಇನ್ನೇನು ಹೇಳಬೇಕಿತ್ತು? ಆ ಮುದುಕನಿಗೆ ಉಳಿದಿರೋದು ಅಷ್ಟೇ. ಅಲ್ಲಿ ತೂತು ಕೊರೆಯೋಕೆ ನನ್ನ ಕೈ ಬರಲಿಲ್ಲ."

ಅದಾದ ಮೇಲೆ ಅವಳು ಅಂಗಡಿಯ ಮಾತೆತ್ತಲಿಲ್ಲ. ಬೆಳಿಗ್ಗೆ ಎದ್ದು ಅಂಗಳಕ್ಕಿಳಿದರೆ ಕತ್ತಲಾಗುವ ತನಕ ಬಡಿಯುತ್ತಿದ್ದಳು. ಆಚೆ ಸುತ್ತಿಗೆ, ಈಚೆ ನಾದಿನಿಯ ಕಬ್ಬಿಣದ ಗಟ್ಟಿ. ಒಂದೊಂದು ದಿನ ಇಬ್ಬರ ನಡುವೆ ಒಂದು ಮಾತೂ ಇಲ್ಲದೆ ಒಂದು ಇಡೀ ಬಾಗಿಲು ಮುಗಿಯುತ್ತಿತ್ತು. ಕೆಲವು ಸಲ ಅತ್ತಿಗೆಗೆ ಕೆಮ್ಮು ಹೆಚ್ಚಾಗಿ ಒಳಗೆ ಹೋದರೆ, ನಾದಿನಿ ಸುಮ್ಮನೆ ಕೂರಲಾಗದೆ ಆಚೆ ಬದಿಗೆ ಹೋಗಿ ಉಳಿದ ಅಂಚನ್ನು ತಾನೇ ತಟ್ಟಿ ಕೂರಿಸಿಬಿಡುತ್ತಿದ್ದಳು. ಅಣ್ಣನಿಗೆ ಅದು ಗೊತ್ತಾಗುತ್ತಿರಲಿಲ್ಲ. ಅತ್ತಿಗೆ ಬಂದು ಆ ಅಂಚಿನ ಮೇಲೆ ಹೆಬ್ಬೆರಳು ಎಳೆದು ನೋಡುತ್ತಿದ್ದಳು.

ಕೆಮ್ಮು ಎದೆಗೆ ಇಳಿಯಿತು. ಡಾಕ್ಟರು ಹೊಗೆ, ಧೂಳು, ಬಣ್ಣದ ವಾಸನೆ ಯಾವುದೂ ಕೂಡದು ಎಂದರು. ಆ ಮನೆಯಲ್ಲಿ ಅವು ಮೂರು ಇಲ್ಲದ ಕೋಣೆ ಒಂದೂ ಇರಲಿಲ್ಲ. ನಾದಿನಿ ತನ್ನ ಹಿಂದಿನ ಕೋಣೆಯ ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿ ಅವಳನ್ನು ಅಲ್ಲಿ ಮಲಗಿಸಿದಳು. ಮಲಗಿದವಳು ಮತ್ತೆ ಅಂಗಳಕ್ಕೆ ಇಳಿಯಲಿಲ್ಲ.

ಒಂದು ಮಧ್ಯಾಹ್ನ ಅಣ್ಣ ಹೊರಗೆ ಒಬ್ಬನೇ ಬಡಿಯುತ್ತಿದ್ದ. ಯಾರದೋ ಗಾಡಿಯ ಗಡುವು. ಅವನಿಗೂ ವಯಸ್ಸಾಗಿತ್ತು, ಏಟು ಎಲ್ಲೆಲ್ಲೋ ಬೀಳುತ್ತಿತ್ತು. ಹಿಂದೆ ಒತ್ತಿ ಹಿಡಿಯುವವರಿಲ್ಲದ ತಗಡು ಒಡಕು ದನಿಯಲ್ಲಿ ಅರಚುತ್ತಿತ್ತು. ಒಂದೊಂದು ಏಟಿಗೂ ಅತ್ತಿಗೆಯ ಹುಬ್ಬು ಗಂಟಾಗುತ್ತಿತ್ತು, ಹೊದಿಕೆಯ ಮೇಲೆ ಬೆರಳು ಅಲುಗುತ್ತಿತ್ತು. ನಾದಿನಿಯ ಕೈಯೂ ಮಡಿಲಲ್ಲಿ ತಾನಾಗಿಯೇ ಸರಿದಾಡುತ್ತಿತ್ತು, ಏಟು ಬಿದ್ದ ಕಡೆಗೆ.

"ಯಾರಾದ್ರೂ ಬನ್ರೇ ಇಲ್ಲಿ!" ಎಂದು ಅಣ್ಣ ಕೂಗಿದ. "ಈ ಅಂಚೊಂದು ಕೂರ್ತಿಲ್ಲ!"

ನಾದಿನಿ ಎದ್ದೇಬಿಟ್ಟಿದ್ದಳು. ಅತ್ತಿಗೆ ಅವಳ ಮಣಿಕಟ್ಟು ಹಿಡಿದಳು. ಅಷ್ಟು ಸೋತ ಮೈಯಲ್ಲೂ ಆ ಹಿಡಿತ ಇಕ್ಕಳದಂತಿತ್ತು.

"ಕೂತ್ಕೋ ಹುಡುಗಿ."

"ಒಂದು ನಿಮಿಷ ಅತ್ತಿಗೆ, ಆ ಅಂಚು ಹಿಡಿದುಕೊಟ್ಟು ಬಂದುಬಿಡ್ತೀನಿ."

"ನಾನೂ ಒಂದು ಬಾಗಿಲು ಅಂತಾನೇ ಶುರು ಮಾಡಿದ್ದು." ಮಾತಿನ ನಡುವೆ ಉಸಿರಿಗಾಗಿ ನಿಂತಳು. "ನಿನಗೆ ಈ ಕೆಲಸ ಎಲ್ಲಾ ಗೊತ್ತು. ನನಗಿಂತ ಚೆನ್ನಾಗೇ ಗೊತ್ತು, ಯಾವತ್ತೋ ನೋಡಿದ್ದೀನಿ. ನಿಮ್ಮಣ್ಣನಿಗೆ ಮಾತ್ರ ಇನ್ನೂ ತಿಳಿದಿಲ್ಲ, ತಿಳಿಯೋದೂ ಬೇಡ. ನಾನು ಹೋದ ಮೇಲೆ ಕೊಡತಿ ತಂದು ನಿನ್ನ ಕೈಗೆ ಕೊಡ್ತಾರೆ. ಇದೊಂದು ಮಾಡಿಕೊಡೇ ಅಂತಾರೆ, ನಗ್ತಾ ನಗ್ತಾ ಕೇಳ್ತಾರೆ. ನನಗೆ ಈ ಕೆಲಸ ಗೊತ್ತಿಲ್ಲ ಅಣ್ಣ ಅಂತ ಹೇಳು. ತಗಡನ್ನ ಸೊಟ್ಟಗೆ ಕತ್ತರಿಸು, ಬೆರಳು ಜಜ್ಜಿಕೋ, ಬೈಸಿಕೋ. ಗೊತ್ತು ಅಂತ ಮಾತ್ರ ಹೇಳಬೇಡ. ಹೇಳಲ್ಲ ತಾನೇ?"